ಯುದ್ಧ ಮುಗಿದ ಮಾರನೇ ದಿನ ಊಟಕ್ಕೇನು?

1941ರ ಜನವರಿ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ವೆಂಡೆಲ್ ವಿಲ್ಕಿ ಶ್ವೇತಭವನಕ್ಕೆ ಬಂದಿದ್ದ. ಎರಡು ತಿಂಗಳ ಹಿಂದಷ್ಟೇ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎದುರು ಅಧ್ಯಕ್ಷ ಚುನಾವಣೆಗೆ ನಿಂತು ಸೋತವನು ಈ ವಿಲ್ಕಿ. ಈಗ ಲಂಡನ್ನಿಗೆ ಹೊರಟಿದ್ದ, ಹೋಗುವ ಮುಂಚೆ ಗೆದ್ದವನನ್ನು ಕಂಡು ಹೋಗೋಣ ಅಂತ ಬಂದಿದ್ದ. ಮಾತಿನ ನಡುವೆ ಸುಮ್ಮನಿರಲಾರದೆ ಕೇಳಿಯೇಬಿಟ್ಟ: ಆ ಹ್ಯಾರಿ ಹಾಪ್ಕಿನ್ಸ್‌ನನ್ನು ಯಾಕೆ ಇಷ್ಟು ಹತ್ತಿರ ಇಟ್ಟುಕೊಂಡಿದ್ದೀರಿ? ಜನರಿಗೆ ಅವನನ್ನು ಕಂಡರೆ ಆಗುವುದಿಲ್ಲ ಅಂತ ನಿಮಗೆ ಗೊತ್ತಿಲ್ಲವೇ?

ರೂಸ್‌ವೆಲ್ಟ್ ಕೊಟ್ಟ ಉತ್ತರವನ್ನು ವಿಲ್ಕಿ ಆಮೇಲೆ ಬೇರೆಯವರಿಗೆ ಹೇಳಿದ್ದಾನೆ. ಅದರ ಸಾರ ಇಷ್ಟು. ಮುಂದೊಂದು ದಿನ ನೀವೂ ಈ ಕುರ್ಚಿಯಲ್ಲಿ ಕೂರಬಹುದು. ಆಗ ಆ ಬಾಗಿಲು ನೋಡುತ್ತಾ ಕೂತಿರುತ್ತೀರಿ. ಒಳಗೆ ಬರುವ ಹೆಚ್ಚುಕಡಿಮೆ ಪ್ರತಿಯೊಬ್ಬನಿಗೂ ನಿಮ್ಮಿಂದ ಏನೋ ಆಗಬೇಕಿರುತ್ತದೆ. ಇದೆಂಥ ಒಂಟಿ ಕೆಲಸ ಅಂತ ಅವತ್ತು ಗೊತ್ತಾಗುತ್ತದೆ. ಜೊತೆಗಿದ್ದು ದುಡಿಯುವುದು ಬಿಟ್ಟು ಇನ್ನೇನನ್ನೂ ಕೇಳದ ಹ್ಯಾರಿಯಂಥವನೊಬ್ಬ ಬೇಕು ಅಂತ ಅವತ್ತು ಅನಿಸುತ್ತದೆ.

ದೇಶದ ಅಧ್ಯಕ್ಷನಿಗೆ ಜನರಿಗೇನು ಬರವೇ ಅನ್ನಬಹುದು. ಆದರೆ ರೂಸ್‌ವೆಲ್ಟ್‌ನ ಪಾಡು ಬೇರೆ. 1921ರಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೊ ಬಂದು ಎರಡೂ ಕಾಲು ಹೋಗಿದ್ದವು. ಬೇಜಾರಾದರೆ ಎದ್ದು ಹೋಗಿ ಇನ್ನೊಬ್ಬರ ಬಾಗಿಲು ತಟ್ಟುವ ಹಾಗಿರಲಿಲ್ಲ. ಜನ ತಾವಾಗಿ ಬರಬೇಕು. ಬಂದವರು ಕೊರೆಯುವವರಾದರೂ ಅವರೇ ಎದ್ದು ಹೋಗುವ ತನಕ ಕೇಳಿಸಿಕೊಂಡಿರಬೇಕು. ರಾಜಕೀಯದಲ್ಲಿ ಮೊದಲಿನಿಂದ ಬೆನ್ನಿಗಿದ್ದ ಲೂಯಿ ಹೋವ್ 1936ರಲ್ಲೇ ತೀರಿಕೊಂಡಿದ್ದ. ಸಂಜೆ ಹೊತ್ತು ರೂಸ್‌ವೆಲ್ಟ್ ತಾನೇ ಮಾರ್ಟಿನಿ ಅನ್ನುವ ಮದ್ಯ ಕಲಸಿ ಹತ್ತಿರದವರಿಗೆ ಕೊಡುತ್ತಿದ್ದ. ಆ ಹೊತ್ತಿನಲ್ಲಿ ಯಾರೂ ಕೆಲಸದ ಮಾತು ತೆಗೆಯುವಂತಿಲ್ಲ. ಹೆಂಡತಿ ಎಲೀನರ್‌ಗೆ ಇದನ್ನು ಪಾಲಿಸಲು ಆಗುತ್ತಲೇ ಇರಲಿಲ್ಲ, ಕೈಯಲ್ಲಿ ಕಾಗದದ ಕಟ್ಟು ಹಿಡಿದೇ ಬರುತ್ತಿದ್ದಳು. ಹಾಪ್ಕಿನ್ಸ್‌ಗೆ ಮಾತ್ರ ಯಾವಾಗ ನಗಿಸಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಎರಡನೇ ಮಹಾಯುದ್ಧದ ಬಗ್ಗೆ ಓದುವಾಗ ಟ್ಯಾಂಕು, ವಿಮಾನಗಳ ಲೆಕ್ಕಕ್ಕಿಂತ ನನಗೆ ಇವರಿಬ್ಬರ ಸ್ನೇಹ ಜಾಸ್ತಿ ಕುತೂಹಲ ಹುಟ್ಟಿಸುತ್ತದೆ. ಗುಂಡು ಹಾರುತ್ತಿರುವಾಗಲೇ, ಅದು ನಿಂತ ಮೇಲೆ ಏನು ಅಂತ ಯೋಚಿಸುವುದಕ್ಕೆ ಪುರುಸೊತ್ತು ಯಾರಿಗಿರುತ್ತದೆ? ಆ ಯೋಚನೆ ಯಾರ ಜೊತೆ ಕೂತು ಮಾಡುತ್ತಾರೆ? ರೂಸ್‌ವೆಲ್ಟ್ ಇದನ್ನು ಮಾಡಿದ್ದು ಒಬ್ಬ ಪರಿಹಾರ ಕೆಲಸದವನ ಜೊತೆ. ಜನರಲ್ ಅಲ್ಲ, ವಕೀಲ ಅಲ್ಲ, ಬ್ಯಾಂಕಿನವನೂ ಅಲ್ಲ.

ಹಾಪ್ಕಿನ್ಸ್ ಹುಟ್ಟಿದ್ದು 1890ರಲ್ಲಿ, ಅಯೋವಾ ರಾಜ್ಯದ ಸೂ ಸಿಟಿಯಲ್ಲಿ. ಅಪ್ಪ ಕುದುರೆ ಸಾಮಾನು ಮಾಡಿ ಮಾರುವವನು. ಕಾಲೇಜು ಮುಗಿಸಿ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಕೆಲಸಕ್ಕೆ ಸೇರಿಕೊಂಡ. 1933ರಲ್ಲಿ, ಆರ್ಥಿಕ ಕುಸಿತ ತೀರಾ ಕೆಟ್ಟಿದ್ದಾಗ, ರೂಸ್‌ವೆಲ್ಟ್ ಅವನನ್ನು ವಾಷಿಂಗ್ಟನ್ನಿಗೆ ಕರೆಸಿ ನಿರುದ್ಯೋಗಿಗಳಿಗೆ ನೆರವು ಕೊಡುವ ಇಲಾಖೆ ಒಪ್ಪಿಸಿದ. ಕೋಣೆ ಇನ್ನೂ ಸಿದ್ಧವಾಗಿರಲಿಲ್ಲ. ಹಜಾರದಲ್ಲಿ ಮೇಜು ಹಾಕಿಕೊಂಡು ಕೂತು ಮೊದಲ ಎರಡು ಗಂಟೆಯಲ್ಲೇ 50 ಲಕ್ಷ ಡಾಲರಿಗೂ ಜಾಸ್ತಿ ಹಣ ರಾಜ್ಯಗಳಿಗೆ ಮಂಜೂರು ಮಾಡಿದ. ಆ ವರ್ಷದ ಚಳಿಗಾಲದಲ್ಲಿ 40 ಲಕ್ಷ ಜನರಿಗೆ ಕೆಲಸ ಕೊಡಿಸಿದ. ರಸ್ತೆ, ಶಾಲೆ, ಚರಂಡಿ, ಸಣ್ಣ ವಿಮಾನ ನಿಲ್ದಾಣ, ಕೈಗೆ ಸಿಕ್ಕಿದ್ದೆಲ್ಲ. ಇದೆಲ್ಲ ಬೇಡ, ಮಾರುಕಟ್ಟೆ ಕಾಲಕ್ರಮೇಣ ತಾನೇ ಸರಿಹೋಗುತ್ತದೆ ಅಂದವರಿಗೆ ಅವನ ಉತ್ತರ ಒಂದೇ: ಜನ ಕಾಲಕ್ರಮೇಣ ಉಣ್ಣುವುದಿಲ್ಲ, ದಿನಾ ಉಣ್ಣುತ್ತಾರೆ.

ಶಾಂತಿಕಾಲದ ಯೋಜನೆ ಅಂತ ದೊಡ್ಡದಾಗಿ ಹೇಳುತ್ತೇವಲ್ಲ, ಅದರ ಹೂರಣ ಇಷ್ಟೇ ಅಂತ ನನಗೆ ಅನಿಸುತ್ತದೆ. ಒಪ್ಪಂದ, ಗಡಿ, ಧ್ವಜ ಎಲ್ಲ ಆಮೇಲೆ. ಯುದ್ಧ ಮುಗಿದ ಮಾರನೇ ದಿನವೂ ಜನಕ್ಕೆ ಹಸಿವಾಗುತ್ತದೆ.

1937ರಲ್ಲಿ ಹಾಪ್ಕಿನ್ಸ್‌ನ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ವರ್ಷದ ಕೊನೆಗೆ ಅವನಿಗೂ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಜಠರದ ಬಹುಪಾಲು ಕತ್ತರಿಸಿ ತೆಗೆದರು. ಅಲ್ಲಿಂದ ಮುಂದೆ ತಿಂದದ್ದು ಮೈಗೆ ಹತ್ತಲೇ ಇಲ್ಲ. 1940ರ ಮೇ 10ರಂದು, ಹಿಟ್ಲರನ ಸೇನೆ ಹಾಲೆಂಡ್, ಬೆಲ್ಜಿಯಂಗೆ ನುಗ್ಗಿದ ದಿನ, ಶ್ವೇತಭವನಕ್ಕೆ ರಾತ್ರಿ ಊಟಕ್ಕೆ ಬಂದ. ಮುಖ ನೋಡಿದ ರೂಸ್‌ವೆಲ್ಟ್, ಇವತ್ತು ಇಲ್ಲೇ ಮಲಗು ಅಂದ. ಯಾರದ್ದೋ ಪೈಜಾಮ ಇಸಿದುಕೊಂಡು ಮಲಗಿದವನು ಮೂರೂವರೆ ವರ್ಷ ಅಲ್ಲೇ ಉಳಿದ! ಕೊಟ್ಟ ಕೋಣೆ ಒಂದು ಕಾಲಕ್ಕೆ ಲಿಂಕನ್ ಓದಿ ಬರೆಯುತ್ತಿದ್ದ ಜಾಗ. ಅಲ್ಲೊಂದು ಇಸ್ಪೀಟಿನ ಮೇಜು ಹಾಕಿಕೊಂಡ. 1941ರಲ್ಲಿ ಬ್ರಿಟನ್ನಿಗೆ ಸಾಲದ ರೂಪದಲ್ಲಿ ಯುದ್ಧ ಸಾಮಗ್ರಿ ಕಳಿಸುವ ಕಾನೂನು ಬಂದ ಮೇಲೆ, ಆ ಸಾವಿರಾರು ಕೋಟಿಯ ವ್ಯವಹಾರವನ್ನು ಬಹುಮಟ್ಟಿಗೆ ನಡೆಸಿದ್ದು ಆ ಇಸ್ಪೀಟಿನ ಮೇಜಿನ ಮೇಲೆ.

ಆ ಕಾನೂನು ಬರುವ ಮುಂಚೆ, ಚರ್ಚಿಲ್ ಎಂಥವನು ನೋಡಿಕೊಂಡು ಬಾ ಅಂತ ರೂಸ್‌ವೆಲ್ಟ್ ಅವನನ್ನು ಲಂಡನ್ನಿಗೆ ಕಳಿಸಿದ್ದ. ವಿಲ್ಕಿ ಆ ಪ್ರಶ್ನೆ ಕೇಳಿದಾಗ ಹಾಪ್ಕಿನ್ಸ್ ಅಲ್ಲೇ ಇದ್ದ. ಬ್ರಿಟನ್ನಿನ ಪ್ರಧಾನಿಗಳ ಹಳ್ಳಿಮನೆ ಚೆಕರ್ಸ್‌ನಲ್ಲಿ ಎಂಥ ಚಳಿ ಅಂದರೆ, ಇವನು ಮನೆಯೊಳಗೂ ಓವರ್‌ಕೋಟ್ ಬಿಚ್ಚುತ್ತಿರಲಿಲ್ಲ. ಸ್ವಲ್ಪ ಬೆಚ್ಚಗಿದ್ದದ್ದು ಬಚ್ಚಲುಮನೆ ಒಂದೇ. ಕೋಟು ಹಾಕಿಕೊಂಡೇ ಅಲ್ಲಿ ಹೋಗಿ ಕೂತು ಕಾಗದಪತ್ರ ಓದುತ್ತಿದ್ದ. ಚರ್ಚಿಲ್‌ಗೂ ಇವನನ್ನು ಕಂಡರೆ ಪ್ರೀತಿ ಬೆಳೆಯಿತು. ಸುತ್ತಿಬಳಸಿ ಮಾತಾಡದೆ ನೇರ ವಿಷಯದ ಬುಡಕ್ಕೇ ಕೈ ಹಾಕುವವನು ಅಂತ ಅದನ್ನೇ ಒಂದು ಲಾರ್ಡ್ ಬಿರುದು ಮಾಡಿ ತಮಾಷೆ ಮಾಡುತ್ತಿದ್ದ.

ಹಾಪ್ಕಿನ್ಸ್ ಲಂಡನ್ನಿಗೆ ಹೊರಡುವ ಕೆಲವೇ ದಿನ ಮುಂಚೆ ನಡೆದ ಇನ್ನೊಂದು ಪ್ರಸಂಗವಿದೆ. ಶ್ವೇತಭವನದ ಓದುಕೋಣೆಯಲ್ಲಿ ರೂಸ್‌ವೆಲ್ಟ್ ಭಾಷಣ ಬರೆಸುತ್ತಿದ್ದ. ಹಾಪ್ಕಿನ್ಸ್, ಭಾಷಣ ಬರೆಯಲು ನೆರವಾಗುತ್ತಿದ್ದ ರೋಸನ್‌ಮನ್ ಮತ್ತು ಷೆರ್ವುಡ್ ಸುತ್ತ ಕೂತಿದ್ದರು. ಯುದ್ಧದ ನಂತರ ಎಂಥ ಜಗತ್ತು ಬೇಕು ಅನ್ನುವುದಕ್ಕೆ ರೂಸ್‌ವೆಲ್ಟ್ ನಾಲ್ಕು ಸ್ವಾತಂತ್ರ್ಯಗಳನ್ನು ಹೇಳುತ್ತಾ ಹೋದ. ಮಾತಾಡುವ ಸ್ವಾತಂತ್ರ್ಯ, ತಮಗೆ ಬೇಕಾದ ದೇವರನ್ನು ಪೂಜಿಸುವ ಸ್ವಾತಂತ್ರ್ಯ, ಕೊರತೆಯಿಂದ ಬಿಡುಗಡೆ, ಭಯದಿಂದ ಬಿಡುಗಡೆ. ಒಂದೊಂದರ ಕೊನೆಗೂ 'ಜಗತ್ತಿನ ಎಲ್ಲ ಕಡೆ' ಅಂತ ಸೇರಿಸಿದ. ಹಾಪ್ಕಿನ್ಸ್‌ಗೆ ಇದು ಸರಿಬರಲಿಲ್ಲ. 'ಎಲ್ಲ ಕಡೆ ಅಂದರೆ ತುಂಬಾ ಜಾಗ ಆಯಿತಲ್ಲ. ಜಾವಾದ ಜನರ ಬಗ್ಗೆ ಅಮೆರಿಕದವರಿಗೆ ಎಷ್ಟು ಆಸಕ್ತಿ ಇರುತ್ತದೋ ಕಾಣೆ' ಅಂದ. ರೂಸ್‌ವೆಲ್ಟ್ ಹೇಳಿದ: ಒಂದಲ್ಲ ಒಂದು ದಿನ ಇರಬೇಕಾಗುತ್ತದೆ ಹ್ಯಾರಿ, ಜಗತ್ತು ಎಷ್ಟು ಚಿಕ್ಕದಾಗುತ್ತಿದೆ ಅಂದರೆ ಜಾವಾದವರೂ ಈಗ ನಮ್ಮ ಅಕ್ಕಪಕ್ಕದ ಮನೆಯವರೇ.

ಭಾಷಣ ಆದದ್ದು ಜನವರಿ 6ರಂದು. ಆ ನಾಲ್ಕು ಸ್ವಾತಂತ್ರ್ಯಗಳು ಪಠ್ಯಪುಸ್ತಕ ಸೇರಿದವು. ನನಗೆ ಇಷ್ಟವಾಗುವುದು ಮಾತ್ರ ಹಾಪ್ಕಿನ್ಸ್‌ನ ಆ ಕೊಂಕು. ಗೆಳೆಯ ಅಂದರೆ ಹೌದಪ್ಪ ಅಲ್ವಾ ಅಂತ ತಲೆಯಾಡಿಸುವವನಲ್ಲ. ದೊಡ್ಡ ಮಾತು ಬಂದಾಗ, ಇದು ಎಷ್ಟು ದೂರದ ತನಕ ಹೋಗುತ್ತದೆ, ಲೆಕ್ಕ ಹಾಕಿದ್ದೀಯಾ ಅಂತ ಕೇಳುವವನು. ಆ ಪ್ರಶ್ನೆ ನ್ಯಾಯವಾದದ್ದು ಅಂತ ಆಮೇಲಿನ ವರ್ಷಗಳು ತೋರಿಸಿದವು. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಅಮೆರಿಕದೊಳಗಿನ ವಿಚಾರ. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಸಿಕ್ಕಿದ್ದು 60 ಡಾಲರ್ ಮತ್ತು ಊರಿಗೆ ಹೋಗಲು ರೈಲು ಚಾರ್ಜು. ಜಾಸ್ತಿ ಗಲಾಟೆ ಆದಮೇಲೆ ಬೋನಸ್ ಕೊಡುತ್ತೇವೆ ಅಂದರು, ಆದರೆ 1945ಕ್ಕೆ! ನಡುವೆ ಆರ್ಥಿಕ ಕುಸಿತ ಬಂತು. 1932ರ ಬೇಸಿಗೆಯಲ್ಲಿ ಸುಮಾರು 20,000 ಮಾಜಿ ಸೈನಿಕರು, ಕೆಲವರು ಹೆಂಡತಿ ಮಕ್ಕಳ ಸಮೇತ, ವಾಷಿಂಗ್ಟನ್ನಿಗೆ ಬಂದು ಹೊಳೆದಂಡೆಯಲ್ಲಿ ಗುಡಿಸಲು ಹಾಕಿಕೊಂಡರು. ಆಗ ಹೂವರ್ ಅಧ್ಯಕ್ಷ. ಜುಲೈ 28ರಂದು ಜನರಲ್ ಮೆಕಾರ್ಥರ್ ಕುದುರೆ ಪಡೆ, ಟ್ಯಾಂಕು, ಅಶ್ರುವಾಯು ತಂದು ಓಡಿಸಿದ. ಗುಡಿಸಲುಗಳು ಸುಟ್ಟು ಹೋದವು. ತಮ್ಮ ದೇಶಕ್ಕಾಗಿ ಫ್ರಾನ್ಸಿನಲ್ಲಿ ಹೋರಾಡಿದವರನ್ನು ತಮ್ಮದೇ ಸೈನ್ಯ ಅಟ್ಟಿತು.

ಮಾರನೇ ವರ್ಷ ರೂಸ್‌ವೆಲ್ಟ್ ಅಧ್ಯಕ್ಷನಾಗಿದ್ದ. ಮಾಜಿ ಸೈನಿಕರ ಇನ್ನೊಂದು ದಂಡು ಬಂತು. ಈ ಸಲ ಲೂಯಿ ಹೋವ್ ಎಲೀನರ್‌ಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಶಿಬಿರದ ಹತ್ತಿರ ಬಿಟ್ಟು, ತಾನು ಕಾರಲ್ಲೇ ನಿದ್ದೆ ಹೊಡೆದ. ಅವಳು ಕೆಸರಿನಲ್ಲಿ ನಡೆದುಕೊಂಡು ಹೋಗಿ ಅವರ ಜೊತೆ ಮಾತಾಡಿ, ಹಾಡಿಗೆ ದನಿಗೂಡಿಸಿ ಬಂದಳು. ಹೂವರ್ ಸೈನ್ಯ ಕಳಿಸಿದ, ರೂಸ್‌ವೆಲ್ಟ್ ಹೆಂಡತಿಯನ್ನು ಕಳಿಸಿದ ಅಂತ ಆ ಸೈನಿಕರು ಅಂದುಕೊಂಡರಂತೆ. ಹಾಗಂತ ಅವನು ಬೋನಸ್ ಕೊಟ್ಟುಬಿಟ್ಟ ಅಂದುಕೊಳ್ಳಬೇಡಿ. ಅದಕ್ಕೆ ಅಡ್ಡಗಾಲು ಹಾಕಿದ. 1936ರಲ್ಲಿ ಅವನ ಮಾತು ಮೀರಿ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ಸೇ ಕೊಡಿಸಿತು.

ಇದೆಲ್ಲ ಅವನ ತಲೆಯಲ್ಲಿತ್ತು ಅನ್ನುವುದು 1943ರ ರೇಡಿಯೊ ಭಾಷಣದಲ್ಲಿ ಗೊತ್ತಾಗುತ್ತದೆ. ಮುಸೊಲಿನಿ ಬಿದ್ದು ಮೂರು ದಿನವಾಗಿತ್ತು. ತಾರೀಖು ಜುಲೈ 28. ಗುಡಿಸಲು ಸುಟ್ಟು ಸರಿಯಾಗಿ ಹನ್ನೊಂದು ವರ್ಷ. ಕಾಕತಾಳೀಯವೇ ಇರಬೇಕು. ಗೆಲುವಿನ ಸುದ್ದಿ ಹೇಳುತ್ತಾ ಹೇಳುತ್ತಾ, ವಾಪಸ್ ಬರುವ ಹುಡುಗರು ಬೆಲೆಯೇರಿಕೆ, ನಿರುದ್ಯೋಗದ ನಡುವೆ ಬಂದು ಬೀಳಬಾರದು, ಗಂಜಿಯ ಸಾಲಿನಲ್ಲೋ ಬೀದಿ ಮೂಲೆಯಲ್ಲಿ ಸೇಬು ಮಾರುತ್ತಲೋ ನಿಲ್ಲಬಾರದು ಅಂದ. ಕೊನೇ ಗಳಿಗೆಯಲ್ಲಿ ಗಡಿಬಿಡಿ ಮಾಡುವ ಬದಲು ಈ ಸಲ ಯೋಜನೆ ಈಗಲೇ ಸಿದ್ಧವಿರಬೇಕು ಅಂದ. ಬರ್ಲಿನ್ ಬೀಳುವುದಕ್ಕೆ ಆಗ ಇನ್ನೂ ಹೆಚ್ಚುಕಡಿಮೆ ಎರಡು ವರ್ಷ ಇತ್ತು.

ಅದರ ಫಲ 1944ರ ಜೂನ್ 22ರಂದು ಬಂತು, ನಾರ್ಮಂಡಿಯ ತೀರದಲ್ಲಿ ಸೈನ್ಯ ಇಳಿದು 16 ದಿನಕ್ಕೆ. ಜಿಐ ಬಿಲ್ ಅಂತ ಹೆಸರಾದ ಕಾನೂನು. ಕರಡು ಬರೆದದ್ದು ಮಾಜಿ ಸೈನಿಕರದೇ ಸಂಘ, ಅಮೆರಿಕನ್ ಲೀಜನ್. ವಾಪಸ್ ಬಂದವನಿಗೆ ಕಾಲೇಜು ಫೀಸು, ಓದುವಾಗ ಮನೆಖರ್ಚು, ಮನೆ ಕಟ್ಟಲು ಸಾಲಕ್ಕೆ ಸರ್ಕಾರದ ಜಾಮೀನು. ಕೆಲಸ ಸಿಗದಿದ್ದರೆ ವಾರಕ್ಕೆ 20 ಡಾಲರಿನಂತೆ 52 ವಾರ. ಎಲ್ಲರೂ ಆ 20 ಡಾಲರ್ ಎಣಿಸುತ್ತಾ ಕೂರುತ್ತಾರೆ ಅಂತ ಹೆದರಿದವರಿದ್ದರು. ಆದರೆ ಅದಕ್ಕಿಟ್ಟ ಹಣದಲ್ಲಿ ಐದನೇ ಒಂದು ಪಾಲೂ ಖರ್ಚಾಗಲಿಲ್ಲ. ಸುಮಾರು 78 ಲಕ್ಷ ಮಂದಿ ಓದಿಗೋ ಕೆಲಸ ಕಲಿಯುವುದಕ್ಕೋ ಇದನ್ನು ಬಳಸಿಕೊಂಡರು, ಅವರಲ್ಲಿ 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು. ಹಳ್ಳಿ ಹುಡುಗರು, ಗಣಿ ಕೆಲಸದವರ ಮಕ್ಕಳು, ಕಾಲೇಜು ನಮಗಲ್ಲ ಅಂದುಕೊಂಡಿದ್ದವರು.

ಕಾನೂನಿನಲ್ಲಿ ಬಣ್ಣದ ಮಾತಿರಲಿಲ್ಲ. ಆದರೆ ಹಂಚುವ ಅಧಿಕಾರ ಊರೂರಿನ ಬ್ಯಾಂಕು, ಕಚೇರಿಗಳ ಕೈಯಲ್ಲಿತ್ತು. 1947ರಲ್ಲಿ ಮಿಸಿಸಿಪ್ಪಿಯಲ್ಲಿ ಮಾಜಿ ಸೈನಿಕರಿಗೆ ಕೊಟ್ಟ 3,200ಕ್ಕೂ ಹೆಚ್ಚು ಸಾಲಗಳಲ್ಲಿ ಕಪ್ಪು ಜನರಿಗೆ ಸಿಕ್ಕಿದ್ದು ಎರಡು. ಎರಡು ಸಾವಿರ ಅಲ್ಲ, ಎರಡು. ದಕ್ಷಿಣದ ಸಂಸದರ ವೋಟಿಲ್ಲದೆ ಬಿಲ್ ಪಾಸಾಗುತ್ತಿರಲಿಲ್ಲ, ಅವರು ಹಾಕಿದ ಷರತ್ತೇ ಹಂಚುವುದು ನಮ್ಮ ಕೈಯಲ್ಲಿರಲಿ ಅಂತ. ಇದನ್ನು ಬಿಟ್ಟು ಜಿಐ ಬಿಲ್ಲನ್ನು ಹೊಗಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು.

ಯುದ್ಧ ನಿಂತ ಮೇಲೆ ಏನು ಅನ್ನುವ ಪ್ರಶ್ನೆ ನಮ್ಮ ಬೆಂಗಳೂರಿಗೂ ಬಂದಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆ ವಹಿಸಿಕೊಂಡಿತು. ಬರ್ಮಾ ಕಡೆ ಹಾರುತ್ತಿದ್ದ ಎಷ್ಟೋ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ಇಲ್ಲಿಗೆ. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳೂ ಬಂದವು. 1941ರ ಜುಲೈಯಲ್ಲಿ ಸ್ಟಾಲಿನ್‌ನನ್ನು ನೋಡಲು ಹಾಪ್ಕಿನ್ಸ್ ಸ್ಕಾಟ್ಲೆಂಡಿನಿಂದ ಆರ್ಖಾಂಗೆಲ್ಸ್ಕ್‌ಗೆ ಹಾರಿದ್ದು ಅಂಥದ್ದೇ ಒಂದು ಕ್ಯಾಟಲೀನಾದಲ್ಲಿ. ಇಪ್ಪತ್ತು ಗಂಟೆಗೂ ಹೆಚ್ಚು ಪ್ರಯಾಣ, ಅದರಲ್ಲಿ ಸುಮಾರು ಹೊತ್ತು ಹಿಂಬದಿಯ ಮಷಿನ್‌ಗನ್ ಪಕ್ಕ ಕಾವಲು ಕೂತಿದ್ದ. ವಾಪಸ್ ಬರುವಾಗ ಔಷಧಿ ಚೀಲವನ್ನು ಮಾಸ್ಕೋದಲ್ಲೇ ಮರೆತು, ಅರೆಜೀವವಾಗಿ ಬಂದಿಳಿದ. ಅದಿರಲಿ. 1945ರಲ್ಲಿ ಯುದ್ಧ ನಿಂತಿತು, ರಿಪೇರಿ ಕೆಲಸವೂ ನಿಂತಿತು. ಲೋಹದ ಹಾಳೆ ಬಗ್ಗಿಸಿ ರಿವೆಟ್ ಹೊಡೆಯುವುದರಲ್ಲಿ ಕೈ ಪಳಗಿದ್ದ ಕೆಲಸಗಾರರು ಏನು ಮಾಡಬೇಕು? ಕಾರ್ಖಾನೆ ರೈಲು ಬೋಗಿ ಮಾಡಲು ಹಿಡಿಯಿತು. ಮರದ ಬೋಗಿಗಳ ಕಾಲದಲ್ಲಿ ಪೂರ್ತಿ ಲೋಹದ ಬೋಗಿ. ಆ ಕೆಲಸವೇ 1964ರ ನಂತರ ಬಿಇಎಂಎಲ್ ಪಾಲಾಯಿತು.

ಮತ್ತೆ ವಾಷಿಂಗ್ಟನ್ನಿಗೆ. 1943ರಲ್ಲೇ ಕಾಂಗ್ರೆಸ್ ರೂಸ್‌ವೆಲ್ಟ್‌ನ ಯೋಜನಾ ಮಂಡಳಿಗೆ ಹಣ ನಿಲ್ಲಿಸಿ ಮುಚ್ಚಿಸಿತ್ತು. ಅದರ ಅಧ್ಯಕ್ಷ ಅವನ ಸ್ವಂತ ಸೋದರಮಾವ ಬೇರೆ. ಡಿಸೆಂಬರಿನಲ್ಲಿ ಪತ್ರಕರ್ತರ ಮುಂದೆ, ಬಡವರ ಚಿಕಿತ್ಸೆ ನೋಡುತ್ತಿದ್ದ ಹಳೇ ಡಾಕ್ಟರ್ ಹೋದ, ಈಗ ಇರುವವನು ಯುದ್ಧ ಗೆಲ್ಲಿಸುವ ಡಾಕ್ಟರ್ ಅಂತ ರೂಸ್‌ವೆಲ್ಟೇ ಹೇಳಿದ. ಸರಿ, ಕೈಬಿಟ್ಟ ಅಂತ ಎಲ್ಲರೂ ಅಂದುಕೊಂಡರು. ಎರಡೇ ವಾರ. 1944ರ ಜನವರಿ 11ರಂದು ಜ್ವರ ಬಂದು ಕಾಂಗ್ರೆಸ್ಸಿಗೆ ಹೋಗಲಾಗದೆ ರೇಡಿಯೊದಲ್ಲಿ ಓದಿದ ಭಾಷಣದಲ್ಲಿ ಎರಡನೇ ಹಕ್ಕುಪಟ್ಟಿ ಮುಂದಿಟ್ಟ. ಕೆಲಸದ ಹಕ್ಕು, ಊಟ ಬಟ್ಟೆಗೆ ಸಾಕಾಗುವ ಸಂಬಳ, ಬೆಳೆಗೆ ತಕ್ಕ ಬೆಲೆ, ಮನೆ, ವೈದ್ಯ, ಓದು, ಮುಪ್ಪಿನಲ್ಲಿ ಆಸರೆ. ಗತಿಯಿಲ್ಲದವನು ಸ್ವತಂತ್ರನಲ್ಲ ಅನ್ನುವ ಹಳೇ ಮಾತನ್ನು ಅಲ್ಲಿ ನೆನಪಿಸಿದ. ಇದು ಹಾಪ್ಕಿನ್ಸ್ ಹತ್ತು ವರ್ಷದ ಹಿಂದೆ ಹಜಾರದ ಮೇಜಿನ ಮೇಲೆ ಶುರುಮಾಡಿದ ಕೆಲಸದ ಮುಂದುವರಿಕೆ ಅಲ್ಲದೆ ಇನ್ನೇನು?

ಆದರೆ ಹಾಪ್ಕಿನ್ಸ್ ಆಗ ಪಕ್ಕದಲ್ಲಿರಲಿಲ್ಲ. 1942ರಲ್ಲಿ ಮತ್ತೆ ಮದುವೆಯಾಗಿದ್ದ. ಮದುವೆ ನಡೆದದ್ದೂ ಶ್ವೇತಭವನದಲ್ಲೇ. ಹೊಸ ಹೆಂಡತಿಗೆ ಸ್ವಂತ ಮನೆ ಬೇಕಾಗಿತ್ತು, ಸಹಜ ತಾನೇ. 1943ರ ಡಿಸೆಂಬರಿನಲ್ಲಿ ಬೇರೆ ಮನೆ ಮಾಡಿದರು. ರೂಸ್‌ವೆಲ್ಟ್‌ಗೆ ಅದು ಹಿಡಿಸಲಿಲ್ಲ. ಹೊಸ ವರ್ಷದ ದಿನವೇ ಹಾಪ್ಕಿನ್ಸ್ ಹಾಸಿಗೆ ಹಿಡಿದ. ಫೆಬ್ರವರಿಯಲ್ಲಿ ಕಿರಿಮಗ ಸ್ಟೀಫನ್ ಪೆಸಿಫಿಕ್‌ನ ಮಾರ್ಷಲ್ ದ್ವೀಪಗಳಲ್ಲಿ ಸತ್ತ ಸುದ್ದಿ ಬಂತು. ಹುಡುಗನಿಗೆ 18 ವರ್ಷ. ಚರ್ಚಿಲ್ ಷೇಕ್ಸ್‌ಪಿಯರನ ಸಾಲುಗಳನ್ನು ಚರ್ಮದ ಹಾಳೆಯ ಮೇಲೆ ಬರೆಸಿ ಕಳಿಸಿದ. ಅರ್ಧ ವರ್ಷ ಆಸ್ಪತ್ರೆಯಲ್ಲೇ ಕಳೆಯಿತು. ವಾಪಸ್ ಬರುವಷ್ಟರಲ್ಲಿ ಸ್ನೇಹ ಸ್ವಲ್ಪ ಆರಿತ್ತು. ರೂಸ್‌ವೆಲ್ಟ್ ಎಲ್ಲರ ಜೊತೆ ನಗುತ್ತಿದ್ದವನೇ. ಆದರೆ ಹತ್ತಿರ ಇದ್ದು ದುಡಿಯಲಾಗದವರನ್ನು ಮರೆಯುವುದು ಅವನಿಗೆ ಕಷ್ಟವಾಗುತ್ತಿರಲಿಲ್ಲ.

ಈಗ ಜಾವಾದ ಮಾತು. ಜಾವಾ ಅಂದಲ್ಲಿ ಭಾರತ ಅಂತ ಓದಿಕೊಂಡರೂ ನಡೆಯುತ್ತದೆ. 1941ರ ಆಗಸ್ಟಿನಲ್ಲಿ ರೂಸ್‌ವೆಲ್ಟ್, ಚರ್ಚಿಲ್ ಇಬ್ಬರೂ ಹಡಗಿನಲ್ಲಿ ಕೂತು ಅಟ್ಲಾಂಟಿಕ್ ಸನ್ನದು ಹೊರಡಿಸಿದರು. ಎಲ್ಲ ಜನರಿಗೂ ತಮಗೆ ಬೇಕಾದ ಸರ್ಕಾರ ಆರಿಸಿಕೊಳ್ಳುವ ಹಕ್ಕಿದೆ ಅಂತ ಅದರಲ್ಲಿತ್ತು. ಮುಂದಿನ ತಿಂಗಳೇ ಚರ್ಚಿಲ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಅದು ಹಿಟ್ಲರ್ ಹಿಡಿದ ದೇಶಗಳಿಗೆ, ಭಾರತಕ್ಕಲ್ಲ ಅಂದ. 1942ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಮಂತ್ರಿ ಕ್ರಿಪ್ಸ್ ಭಾರತದ ನಾಯಕರ ಜೊತೆ ನಡೆಸುತ್ತಿದ್ದ ಮಾತುಕತೆ ಮುರಿದುಬಿತ್ತು. ಆಗ ಹಾಪ್ಕಿನ್ಸ್ ಮತ್ತೆ ಚೆಕರ್ಸ್‌ನಲ್ಲಿದ್ದ. ಬೆಳಗಿನ ಜಾವ ಮೂರು ಗಂಟೆಗೆ ರೂಸ್‌ವೆಲ್ಟ್‌ನ ತಂತಿ ಬಂತು: ಸ್ವಯಮಾಡಳಿತ ಕೊಡಲು ಬ್ರಿಟನ್‌ಗೆ ಮನಸ್ಸಿಲ್ಲದ್ದರಿಂದಲೇ ಮಾತುಕತೆ ಮುರಿಯಿತು ಅಂತ ಇಲ್ಲಿನ ಜನ ಅಂದುಕೊಂಡಿದ್ದಾರೆ, ಇನ್ನೊಂದು ಸಲ ಪ್ರಯತ್ನಿಸಿ. ಚರ್ಚಿಲ್ ಆ ನಡುರಾತ್ರಿ ಎರಡು ಗಂಟೆ ಬಯ್ದನಂತೆ. ಬೇಕಾದರೆ ಪ್ರಧಾನಿ ಪಟ್ಟ ಬಿಟ್ಟು ಮನೆಗೆ ಹೋಗುತ್ತೇನೆ ಅಂದ. ಅದಷ್ಟನ್ನೂ ಎದುರು ಕೂತು ಕೇಳಿಸಿಕೊಂಡವನು ಹಾಪ್ಕಿನ್ಸ್. ಆಮೇಲೆ ರೂಸ್‌ವೆಲ್ಟ್ ಭಾರತದ ವಿಷಯದಲ್ಲಿ ಅಷ್ಟು ಒತ್ತಿ ಹೇಳಲಿಲ್ಲ. ಜುಲೈಯಲ್ಲಿ ಗಾಂಧೀಜಿ ಅವನಿಗೆ ಪತ್ರ ಬರೆದರು. ಭಾರತ, ಆಫ್ರಿಕಾ ಬ್ರಿಟನ್ನಿನ ಹಿಡಿತದಲ್ಲಿರುವ ತನಕ, ಅಮೆರಿಕದ ಮನೆಯಲ್ಲೇ ಕಪ್ಪು ಜನರ ಪ್ರಶ್ನೆ ಇರುವ ತನಕ, ಸ್ವಾತಂತ್ರ್ಯಕ್ಕಾಗಿ ಈ ಯುದ್ಧ ಅನ್ನುವ ಮಾತು ಪೊಳ್ಳಾಗಿ ಕೇಳಿಸುತ್ತದೆ ಅಂತ ನೇರವಾಗಿ ಹೇಳಿದರು.

ಅದಕ್ಕಿಂತ ನೋವಿನ ಸಂಗತಿ ಬಂಗಾಳದ್ದು. 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಹಾಟ್ ಸ್ಪ್ರಿಂಗ್ಸ್ ಅನ್ನುವ ಊರಿನಲ್ಲಿ 44 ದೇಶದವರು ಕೂತು, ಯುದ್ಧದ ನಂತರ ಜಗತ್ತಿಗೆ ಅನ್ನ ಹೇಗೆ ಅಂತ ಚರ್ಚಿಸಿದ್ದರು. ಇವತ್ತಿನ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹುಟ್ಟಿದ್ದು ಅಲ್ಲಿಂದ. 1944ರ ಏಪ್ರಿಲ್ ಕೊನೆಗೆ ಚರ್ಚಿಲ್, ತಡವಾಗಿಯಾದರೂ, ಆಸ್ಟ್ರೇಲಿಯಾದಿಂದ ಭಾರತಕ್ಕೆ ಗೋಧಿ ಸಾಗಿಸಲು ಹಡಗು ಕೊಡಿ ಅಂತ ರೂಸ್‌ವೆಲ್ಟ್‌ನನ್ನು ಕೇಳಿದ. ಜೂನ್ 1ಕ್ಕೆ ಉತ್ತರ ಬಂತು: ಯುದ್ಧದ ಕೆಲಸದಿಂದ ಹಡಗು ಬಿಡಿಸಲು ಆಗುವುದಿಲ್ಲ. ನಾರ್ಮಂಡಿಗೆ ಐದು ದಿನ ಉಳಿದಿತ್ತು, ಕಾರಣ ಅರ್ಥವಾಗುತ್ತದೆ. ಆದರೂ ಜನ ಕಾಲಕ್ರಮೇಣ ಉಣ್ಣುವುದಿಲ್ಲ ಅಂದವನನ್ನು ಮನೆಯಲ್ಲಿಟ್ಟುಕೊಂಡಿದ್ದ ಅಧ್ಯಕ್ಷ ಇವನೇ ಅಲ್ವಾ?

ಒಂದೇ ತಿಂಗಳಿಗೆ, ಜುಲೈಯಲ್ಲಿ, ಬ್ರೆಟನ್ ವುಡ್ಸ್‌ನ ದೊಡ್ಡ ಹೋಟೆಲಿನಲ್ಲಿ ಮತ್ತೆ 44 ದೇಶ. ಅಂತಾರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್), ವಿಶ್ವಬ್ಯಾಂಕ್‌ಗೆ ಬುನಾದಿ ಹಾಕಿದ್ದು ಅಲ್ಲಿ. ಯುದ್ಧಕ್ಕಾಗಿ ಭಾರತದಿಂದ ಸಾಮಾನು ತಗೊಂಡು ಬ್ರಿಟನ್ ಉಳಿಸಿಕೊಂಡಿದ್ದ ಬಾಕಿ ಬೆಟ್ಟದಷ್ಟಿತ್ತು. ಎಲ್ಲ ಲಂಡನ್ನಿನಲ್ಲಿ ಪೌಂಡ್ ಲೆಕ್ಕದಲ್ಲಿ ಕೂತಿತ್ತು, ಮುಟ್ಟುವ ಹಾಗಿಲ್ಲ. ನಮ್ಮ ಕಡೆಯಿಂದ ಹೋಗಿದ್ದ ಎ.ಡಿ. ಶ್ರಾಫ್ ಎದ್ದು ಹೇಳಿದರು: ಬ್ಯಾಂಕಿನಲ್ಲಿ ಹತ್ತು ಲಕ್ಷ ಡಾಲರ್ ಇದ್ದೂ ಟ್ಯಾಕ್ಸಿಗೆ ಕೊಡಲು ಚಿಲ್ಲರೆ ಇಲ್ಲದವನ ಹಾಗೆ ಮಾಡಿದ್ದೀರಿ ನಮ್ಮನ್ನು. ಅದು ನಮ್ಮಿಬ್ಬರ ನಡುವಿನ ವಿಚಾರ ಅಂತ ಬ್ರಿಟನ್ ಕಡೆಯ ಕೇನ್ಸ್ ಅದನ್ನು ಪಕ್ಕಕ್ಕಿಟ್ಟ.

ಇಷ್ಟೆಲ್ಲ ಸಮ್ಮೇಳನಗಳನ್ನು ಯುದ್ಧ ಮುಗಿಯುವ ಮುಂಚೆಯೇ ಮಾಡಿ ಮುಗಿಸುವ ಅವಸರ ರೂಸ್‌ವೆಲ್ಟ್‌ಗೆ ಯಾಕೆ? ಮೊದಲ ಮಹಾಯುದ್ಧದ ಕಾಲದ ಅಧ್ಯಕ್ಷ ವುಡ್ರೋ ವಿಲ್ಸನ್‌ನನ್ನು ಅವನು ಕಣ್ಣಾರೆ ನೋಡಿದ್ದ. ವಿಲ್ಸನ್ ಕಾಲದಲ್ಲಿ ನೌಕಾ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ವಿಲ್ಸನ್ ಯುದ್ಧ ಗೆದ್ದ ಮೇಲೆ ಪ್ಯಾರಿಸ್ಸಿಗೆ ಹೋಗಿ ರಾಷ್ಟ್ರಸಂಘ ಕಟ್ಟಿದ, ವಾಪಸ್ ಬಂದರೆ ತನ್ನದೇ ಸೆನೆಟ್ ಒಪ್ಪಲಿಲ್ಲ. ವಿಲ್ಸನ್‌ಗೂ ಒಬ್ಬ ಹಾಪ್ಕಿನ್ಸ್ ಇದ್ದ, ಕರ್ನಲ್ ಹೌಸ್. ಹುದ್ದೆಯಿಲ್ಲದ, ಎಲ್ಲ ಗುಟ್ಟೂ ಗೊತ್ತಿದ್ದ ಗೆಳೆಯ. ಪ್ಯಾರಿಸ್ಸಿನಲ್ಲೇ ಮನಸ್ಸು ಮುರಿಯಿತು. 1919ರ ಜೂನ್ 28ರಂದು ರೈಲು ನಿಲ್ದಾಣದಲ್ಲಿ ಬೀಳ್ಕೊಟ್ಟವರು ಮತ್ತೆ ಮುಖ ನೋಡಲಿಲ್ಲ. ಸಮ್ಮೇಳನದ ಪಾಠವನ್ನು ರೂಸ್‌ವೆಲ್ಟ್ ಚೆನ್ನಾಗಿ ಕಲಿತಿದ್ದ. ಗೆಳೆಯನ ಪಾಠವನ್ನು ಅಷ್ಟು ಕಲಿತ ಹಾಗೆ ಕಾಣುವುದಿಲ್ಲ.

1945ರ ಫೆಬ್ರವರಿ, ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಸೇರಿದ ಯಾಲ್ಟಾ ಸಮ್ಮೇಳನ. ಹಾಪ್ಕಿನ್ಸ್ ಬಹುತೇಕ ಮಲಗೇ ಇದ್ದ, ಸಭೆಗೆ ಮಾತ್ರ ಎದ್ದು ಬರುತ್ತಿದ್ದ. ವಾಪಸ್ ಬರುವಾಗ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವ ಶಕ್ತಿ ಇಲ್ಲ, ಅಲ್ಜೀರ್ಸ್‌ನಲ್ಲಿ ಇಳಿದು ಸುಧಾರಿಸಿಕೊಂಡು ವಿಮಾನದಲ್ಲಿ ಬರುತ್ತೇನೆ ಅಂದ. ರೂಸ್‌ವೆಲ್ಟ್‌ಗೆ ಬೇಸರವಾಯಿತು. ಹಡಗಿನಲ್ಲಿ ಭಾಷಣ ಬರೆಯಲು ಇವನು ಬೇಕಿತ್ತು, ಜೊತೆಗೂ ಬೇಕಿತ್ತು. ಬೀಳ್ಕೊಡುಗೆ ಸಪ್ಪೆಯಾಗಿತ್ತು. ಅದೇ ಕೊನೆಯ ಭೇಟಿ. ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಹಾಪ್ಕಿನ್ಸ್ ಮಿನೆಸೋಟದ ಆಸ್ಪತ್ರೆಯಲ್ಲಿದ್ದ.

ಆಗ ಒಂದು ವಿಷಯ ಬಯಲಾಯಿತು. ರೂಸ್‌ವೆಲ್ಟ್‌ನ ಶಾಂತಿ ಯೋಜನೆಯಲ್ಲಿ ಅರ್ಧ ಕಾಗದದ ಮೇಲಿತ್ತು, ಇನ್ನರ್ಧ ಅವನ ತಲೆಯಲ್ಲಿ. ಜಿಐ ಬಿಲ್, ಐಎಂಎಫ್, ಆಹಾರ ಸಂಸ್ಥೆ ಇವೆಲ್ಲ ಕಾನೂನಾಗಿ, ಕರಡಾಗಿ ಬಂದಿದ್ದವು. ಯಜಮಾನ ಹೋದರೂ ನಡೆದವು. ಆದರೆ ಸ್ಟಾಲಿನ್ ಜೊತೆ ಹೇಗೆ ಹೊಂದಿಕೊಂಡು ಹೋಗುವುದು, ಯುರೋಪಿನವರ ವಸಾಹತುಗಳನ್ನು ಹೇಗೆ ಬಿಡಿಸುವುದು, ಇದೆಲ್ಲ ಅವನ ನಗು, ಅವನ ಚಾಲಾಕಿ, ಎದುರು ಕೂತರೆ ಯಾರನ್ನಾದರೂ ಒಲಿಸಿಕೊಳ್ಳುತ್ತೇನೆ ಅನ್ನುವ ಅವನ ನಂಬಿಕೆ, ಇಷ್ಟರ ಮೇಲೇ ನಿಂತಿತ್ತು. ಉಪಾಧ್ಯಕ್ಷ ಟ್ರೂಮನ್‌ಗೆ ಏನೂ ಹೇಳಿರಲಿಲ್ಲ. 82 ದಿನ ಉಪಾಧ್ಯಕ್ಷನಾಗಿದ್ದವನಿಗೆ ಅಣುಬಾಂಬ್ ಇದೆ ಅನ್ನುವುದು ಗೊತ್ತಾದದ್ದೇ ಅಧ್ಯಕ್ಷನಾದ ಮೇಲೆ. ರೂಸ್‌ವೆಲ್ಟ್ ಮಾಡಿದ ತಪ್ಪುಗಳಲ್ಲಿ ಇದು ಸಣ್ಣದಲ್ಲ. ತನ್ನ ಆರೋಗ್ಯ ಹದಗೆಟ್ಟಿದ್ದು ಕನ್ನಡಿ ನೋಡಿದರೆ ಕಾಣುತ್ತಿತ್ತು.

ಆ ತಲೆಯಲ್ಲಿದ್ದದ್ದು ತಕ್ಕಮಟ್ಟಿಗೆ ಗೊತ್ತಿದ್ದವನು ಒಬ್ಬನೇ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆ ಕಟ್ಟುವ ಸಮ್ಮೇಳನ ರಷ್ಯಾದ ಹಟದಿಂದ ಸಿಕ್ಕಿಹಾಕಿಕೊಂಡಿತ್ತು. ವೀಟೊ, ಅಂದರೆ ಒಬ್ಬರೇ ನಿರ್ಧಾರ ತಡೆಯುವ ಅಧಿಕಾರ, ಇದ್ದವರು ಒಂದು ವಿಷಯವನ್ನು ಚರ್ಚೆಗೇ ಬಾರದ ಹಾಗೆ ತಡೆಯಬಹುದೇ ಅನ್ನುವುದು ತಕರಾರು. ಟ್ರೂಮನ್ ಹಾಪ್ಕಿನ್ಸ್‌ಗೆ ಹೇಳಿಕಳಿಸಿದ. ಆಸ್ಪತ್ರೆಯಿಂದ ಬಂದು ಜಾಸ್ತಿ ದಿನ ಆಗಿರಲಿಲ್ಲ, ಮೈಯಲ್ಲಿ ಎಲುಬು ಬಿಟ್ಟರೆ ಏನಿಲ್ಲ. ಮೇ ಕೊನೆಗೆ ಮಾಸ್ಕೋಗೆ ಹೋದ. ಸ್ಟಾಲಿನ್ ಜೊತೆ ಆರು ಸಲ ಕೂತ. ಜೂನ್ 6ರಂದು ಸ್ಟಾಲಿನ್ ತನ್ನ ಮಂತ್ರಿ ಮೊಲೊಟೊವ್‌ನ ಹಟವನ್ನು ಬದಿಗಿಟ್ಟು, ಚರ್ಚೆ ತಡೆಯಲು ವೀಟೊ ಬೇಡ ಅಂತ ಒಪ್ಪಿದ. ಪೋಲೆಂಡಿನ ವಿಷಯದಲ್ಲಿ ಮಾತ್ರ ಹಾಪ್ಕಿನ್ಸ್‌ಗೆ ಸಿಕ್ಕಿದ್ದು ಕಡಿಮೆ. ರಷ್ಯನ್ನರು ಹಿಡಿದಿಟ್ಟಿದ್ದ ಪೋಲಿಷ್ ನಾಯಕರನ್ನು ಬಿಡಿಸಲು ಆಗಲಿಲ್ಲ. ಮುಂದೆ ಅಲ್ಲಿ ಏನಾಯಿತು ಗೊತ್ತೇ ಇದೆ.

ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿತ್ತು. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಸರ್ ಎ. ರಾಮಸ್ವಾಮಿ ಮುದಲಿಯಾರ್ ಒಬ್ಬರು. ಅವರನ್ನು ಕಳಿಸಿದ್ದು ಬ್ರಿಟಿಷ್ ಸರ್ಕಾರ, ಜೈಲಿನಲ್ಲಿದ್ದ ನಮ್ಮ ನಾಯಕರಲ್ಲ. ಅದಕ್ಕೆ ಆಗ ಬೇಕಾದಷ್ಟು ಟೀಕೆ ಬಂತು, ಅದು ಸರಿಯೂ ಹೌದು. ಆದರೂ ಮುದಲಿಯಾರ್ ಬುದ್ಧಿವಂತರು, ಕೆಲಸ ಬಲ್ಲವರು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ 1946ರ ಜನವರಿ 23ರಂದು ಲಂಡನ್ನಿನಲ್ಲಿ ಮೊದಲ ಸಲ ಸೇರಿದಾಗ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಆರು ದಿನ ಕಳೆದು, ಜನವರಿ 29ರಂದು, ಹಾಪ್ಕಿನ್ಸ್ ನ್ಯೂಯಾರ್ಕಿನಲ್ಲಿ ತೀರಿಕೊಂಡ. 55 ವರ್ಷ. ರೂಸ್‌ವೆಲ್ಟ್ ಬಗ್ಗೆ, ಯುದ್ಧದ ಬಗ್ಗೆ ಪುಸ್ತಕ ಬರೆಯಬೇಕು ಅಂತಿದ್ದ, ಆಗಲಿಲ್ಲ. ಅವನ ಕಾಗದಪತ್ರ ಇಟ್ಟುಕೊಂಡು ಷೆರ್ವುಡ್ ಬರೆದ.

ಮುದಲಿಯಾರರ ಮಂಡಳಿ ಆ ಮೊದಲ ಅಧಿವೇಶನದಲ್ಲೇ ಎರಡು ಕೆಲಸ ಮಾಡಿತು. ಜಗತ್ತಿನ ಆರೋಗ್ಯಕ್ಕೊಂದು ಸಂಸ್ಥೆ ಕಟ್ಟಲು ಸಮ್ಮೇಳನ ಕರೆಯಿತು. ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ್ದು ಹೀಗೆ, ಮುಂದೆ ಅದರ ಕಾರ್ಯಕಾರಿ ಮಂಡಳಿಯ ಅಧ್ಯಕ್ಷರಾದವರಲ್ಲಿ ಒಬ್ಬರು ಇವರದೇ ಅವಳಿ ಸಹೋದರ, ಡಾಕ್ಟರ್ ಲಕ್ಷ್ಮಣಸ್ವಾಮಿ ಮುದಲಿಯಾರ್. ಇನ್ನೊಂದು, ಮಾನವ ಹಕ್ಕುಗಳ ಆಯೋಗ. ಅದರ ಅಧ್ಯಕ್ಷೆಯಾಗಿ ಎಲೀನರ್ ಬಂದಳು, ಕಾಗದದ ಕಟ್ಟು ಹಿಡಿದೇ. ಈ ಸಲ ಬೇಡ ಅನ್ನುವವರು ಯಾರೂ ಇರಲಿಲ್ಲ. 1948ರ ಡಿಸೆಂಬರಿನಲ್ಲಿ ಹೊರಬಂದ ಘೋಷಣೆಯ 25ನೇ ಕಲಮಿನಲ್ಲಿ ಊಟ, ಬಟ್ಟೆ, ಮನೆ, ವೈದ್ಯ, ಮುಪ್ಪಿನ ಆಸರೆ ಎಲ್ಲ ಇವೆ, ಜ್ವರದಲ್ಲಿ ರೂಸ್‌ವೆಲ್ಟ್ ಓದಿದ ಪಟ್ಟಿಯಲ್ಲಿದ್ದ ಹಾಗೇ. ಅಷ್ಟರಲ್ಲಿ ರಾಮಸ್ವಾಮಿ ಮುದಲಿಯಾರ್ ಮೈಸೂರಿಗೆ ಬಂದು ದಿವಾನರಾಗಿದ್ದರು, ಸಂಸ್ಥಾನದ ಕೊನೆಯ ದಿವಾನರು. ಇಲ್ಲಿ ಅವರಿಗೆ ಎದುರಾದದ್ದು ಜವಾಬ್ದಾರಿ ಸರ್ಕಾರ ಬೇಕು ಅಂತ ಬೀದಿಗಿಳಿದ ಜನ. 'ಮೈಸೂರು ಚಲೋ' ಕೂಗು. ಅದನ್ನು ಅವರು ನಿಭಾಯಿಸಿದ ರೀತಿಯ ಬಗ್ಗೆ ಹೇಳಲು ಒಳ್ಳೆಯ ಮಾತು ಜಾಸ್ತಿ ಇಲ್ಲ.